ಬಿರಡೆ

ಮಾವ ಪಿಳ್ಳಪ್ಪ ಅಂಗಡಿಯ ಬೀಗದಕೈ ಕೊಡುವಾಗ
ಹೇಳಿಕೊಟ್ಟಿದ್ದು ಒಂದೇ ಲೆಕ್ಕ:
ಒಂದು ಗಾಡಿ ದವನ ಬಟ್ಟಿಗೆ ಹೋದರೆ
ರಾತ್ರಿಯಿಡೀ ಹಬೆ, ಬೆಳಗಾದರೆ ಒಂದು ಸೀಸೆ ಎಣ್ಣೆ.
ಅದನ್ನ ಹನಿ ಅನ್ಬೇಡ ಕಣವ್ವಾ,
ಹೊಲ ಅನ್ನು.

ಚಿಕ್ಕಬಳ್ಳಾಪುರದ ಗಂಗಮ್ಮನ ಗುಡಿ ಬೀದಿಯಲ್ಲಿ ಆರಡಿ ಅಂಗಡಿ.
ಎಡಕ್ಕೆ ಹೂವಿನವರು, ಬಲಕ್ಕೆ ಸೈಕಲ್ ಶಾಪು.
ಬೆಳಿಗ್ಗೆ ಗುಲಾಬಿ ತುಂಬಿದ ಲಗೇಜ್ ಆಟೊ ಹಾದರೆ
ಯಾರಿಗೂ ಏನೂ ಆಗುವುದಿಲ್ಲ.
ಹೂವು ತನ್ನ ವಾಸನೆಯನ್ನು ಎಣಿಸಿ ಎಣಿಸಿ ಕೊಡುತ್ತದೆ.
ಸೀಸೆಗೆ ಆ ಜಿಪುಣತನ ಗೊತ್ತಿಲ್ಲ.

ಧನುರ್ಮಾಸದ ಸಂಜೆ, ದೊಡ್ಡಮರಳಿ ಕಡೆಯ ಹುಡುಗ,
ಹೆಲ್ಮೆಟ್ಟೂ ತೆಗೆಯದೆ:
'ನೀಲಗಿರಿ ಎಣ್ಣೆ ಕೊಡಕ್ಕ, ಚಿಕ್ಕದು ಸಾಕು,
ಮಗೀಗೆ ಮೂಗು ಕಟ್ಟೈತೆ.'
'ಎಷ್ಟು ತಿಂಗಳು?'
'ನಾಳಿದ್ದಿಗೆ ಎರಡು.'
ನನ್ನ ಕೈ ಆಗಲೇ ಕಪಾಟಿನೊಳಗಿತ್ತು. ಹಿಂದಕ್ಕೆ ತೆಗೆದೆ.
'ಕೊಡಲ್ಲ.'

'ಗಿಡದ್ದೇ ಅಲ್ವೇನಕ್ಕ? ಕೆಮಿಕಲ್ಲಾ?'
'ಉಮ್ಮತ್ತಿನೂ ಗಿಡದ್ದೇ ಕಣಪ್ಪ. ಎಕ್ಕದ ಹಾಲೂ.'
'ನಮ್ಮಜ್ಜಿ ಹೇಳ್ತು, ಎದೆಗೆ ಸವರಿ ಮೂಗಿಗೊಂದು ಹನಿ...'
'ಆ ಮೂಗು ಕಡಲೆಕಾಳಿನಷ್ಟಿರುತ್ತೆ,
ಅದರೊಳಕ್ಕೆ ನೀಲಗಿರಿ ತೋಪನ್ನೇ ನುಗ್ಗಿಸ್ತೀಯಾ?
ಉಸಿರು ಸಿಕ್ಕೊಂಡರೆ, ಫಿಟ್ಸ್ ಬಂದರೆ,
ನಾನೂ ನಿಮ್ಮಜ್ಜೀನೂ ಏನು ಮಾಡೋಕಾಗುತ್ತೆ?'

ಗೊಣಗಿಕೊಂಡೇ ಹೋದ. ಬೈಕಿಗೆ ಕಿಕ್ ಹೊಡೆಯುತ್ತಾ
ಮಕ್ಕಳ ಡಾಕ್ಟರು ಎಷ್ಟು ಹೊತ್ತಿನವರೆಗೆ ಇರ್ತಾರೆ ಅಂತ ಕೇಳಿದ.
ಮತ್ತೆ ಈ ಕಡೆ ಬಂದಿಲ್ಲ.
ಮಗು ಹೇಗಿದೆಯೋ. ಹೆಣ್ಣೋ ಗಂಡೋ, ಅದನ್ನೂ ಕೇಳಲಿಲ್ಲ ನಾನು.

ಬುದ್ಧಿವಂತೆಯಾಗಿಯೇ ಹುಟ್ಟಿದವಳಲ್ಲ.
ಎಡಗೈ ಮೇಲೆ ಕಂದು ಕಲೆ, ರೂಪಾಯಿ ನಾಣ್ಯಕ್ಕಿಂತ ದೊಡ್ಡದು:
ನಿಂಬೆಸಿಪ್ಪೆಯ ಎಣ್ಣೆಯನ್ನು ಏನೂ ಬೆರೆಸದೆ
ಸೊಳ್ಳೆಗೆಂದು ಸವರಿಕೊಂಡು, ಮಟಮಟ ಬಿಸಿಲಲ್ಲಿ
ಮಂಚೇನಹಳ್ಳಿ ಸಂತೆಯಲ್ಲಿ ಕೂತ ದಿನದ್ದು.
ಬೊಬ್ಬೆ ವಾರಕ್ಕೆ ಆರಿತು. ಕಲೆ ಎರಡನೇ ಬೇಸಿಗೆ ನೋಡುತ್ತಿದೆ.
ಗಿರಾಕಿ ತುಂಬ ವಾದ ಮಾಡಿದರೆ
ಸೆರಗು ಸರಿಸಿ ಕೈ ತೋರಿಸುತ್ತೇನೆ,
ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ಮುಂದಕ್ಕೆ ತಳ್ಳುತ್ತೇನೆ.

ಹಾಗಂತ, ಇದೆಲ್ಲ ಬರೀ ಬೂಟಾಟಿಕೆ ಅನ್ನುವವರ ಪಕ್ಕದಲ್ಲೂ
ನನಗೆ ಕೂರಲಾಗುವುದಿಲ್ಲ.
ಅತ್ತೆ ಮುನಿತಾಯಮ್ಮ, ಕೊನೆಯ ವರ್ಷ,
ಕ್ಯಾನ್ಸರಿನ ಡ್ರಿಪ್ಪು ಹಾಕಿಸಿಕೊಂಡು ಬಂದ ರಾತ್ರಿ
ಅನ್ನದ ಹೆಸರೆತ್ತಿದರೆ ಬಚ್ಚಲಿಗೆ ಓಡುವಳು.
ಡಾಕ್ಟರಮ್ಮನನ್ನು ಕೇಳಿಯೇ
ಅರಳೆಯ ತುದಿಗೆ ಶುಂಠಿ ಎಣ್ಣೆ, ಒಂದೇ ಹನಿ,
ದಿಂಬಿನ ಆಚೆ ಮೂಲೆಯಲ್ಲಿಟ್ಟೆ. ಕಿಟಕಿ ತೆರೆದೇ ಇತ್ತು.
ಮಾತ್ರೆ ಕೆಲಸ ಮಾಡಿತೋ ಶುಂಠಿಯೋ,
ಯಾವ ದೇವರಾಣೆಗೂ ಹೇಳಲಾರೆ.
ರೋಗ ಎಳ್ಳಿನಷ್ಟೂ ಕದಲಲಿಲ್ಲ.
ಆದರೆ ಅತ್ತೆ ಎದ್ದು ಕೂತು,
'ನಾನು ಈ ಮನೆಗೆ ಬಂದ ವರ್ಷ ಹಿತ್ತಲಲ್ಲಿ ಶುಂಠಿ ಹಾಕಿದ್ರು' ಎಂದಳು,
ನಾಲ್ಕು ಚಮಚ ರಾಗಿಗಂಜಿ ಕುಡಿದಳು.

ಆ ನಾಲ್ಕು ಚಮಚಕ್ಕಿಂತ ಹೆಚ್ಚು ಅಂತ ಹೇಳಿ
ನಾನು ಯಾರಿಗೂ ಮಾರುವುದಿಲ್ಲ.
ಕಡಿಮೆ ಅಂತಲೂ ಹೇಳುವುದಿಲ್ಲ.

ಎಂಟಕ್ಕೆ ಬಾಗಿಲು. ಬೆಕ್ಕು ಒಳಗೆ ಉಳಿದಿಲ್ಲ ತಾನೇ ಅಂತ ಬಗ್ಗಿ ನೋಡಿ
ಪ್ರತಿ ಬಿರಡೆಯನ್ನೂ ಎರಡು ಸಲ ತಿರುಗಿಸಿ
ಮೇಲಿನ ಗೂಡಿಗೆ ಸೇರಿಸಿ ಬೀಗ ಹಾಕುತ್ತೇನೆ.
ಮೊಮ್ಮಗಳು ಸ್ಟೂಲು ಎಳೆಯಲು ಕಲಿತಿದ್ದಾಳೆ.

ಮನೆಯ ಹೊಸ್ತಿಲಲ್ಲಿ ಅವಳು ಕೈ ಚಾಚಿದರೂ ಎತ್ತಿಕೊಳ್ಳುವುದಿಲ್ಲ.
ಮೊದಲು ಬಚ್ಚಲು. ಈ ಕೈ ಬರೀ ನೀರಿಗೆ ಬಗ್ಗುವುದಲ್ಲ,
ಕಡಲೆಹಿಟ್ಟು ಬೇಕು, ಮೊಣಕೈಯವರೆಗೆ.
ಆಮೇಲೆ ಎತ್ತುತ್ತೇನೆ.
ಅಂಗೈ ಮೂಸಿ, ಮೂಗು ಸೊಟ್ಟ ಮಾಡಿ, ಕೇಳುತ್ತಾಳೆ:
'ಅಜ್ಜೀ, ಇವತ್ತು ನೀನು ಯಾವ ಹೊಲ?'