ಕೋಡು

ಮುಸಫ್ಫಾದಲ್ಲಿ ಟೈರಿನಂಗಡಿಯ ಮೇಲೆ
ಕಿಟಕಿಯಿಲ್ಲದ ಕೋಣೆಯಲ್ಲಿ ನನ್ನ ಕುರ್ಚಿ.
ಮುಟ್ಟದೆ, ಮುಖ ನೋಡದೆ
ಬೆನ್ನುಗಳಿಗೆ ನಂಬರು ಕೊಡುವುದು ನನ್ನ ಕೆಲಸ.

ಕೋಡಿಂಗ್ ಅಂದಾಗ ಅವ್ವ ಫೋನಿನಲ್ಲಿ ಕೇಳಿದ್ದಳು:
"ಕೋಡು? ಯಾವ ಎತ್ತಿಂದs?
ಬಣ್ಣ ಹಚ್ಚತಿಯೇನ ಅದಕ್ಕ?"
ಹೂಂ ಅವ್ವ, ಹೆಚ್ಚುಕಡಿಮೆ ಅದೇ.

ಬೆನ್ನೆಲುಬಿನ ಒಂದೆರಡು ಭಾಗ ಒತ್ತಿ ಕೂರಿಸಿದರೆ ೯೮೯೪೦.
ಮೂರು ನಾಲ್ಕಾದರೆ ೯೮೯೪೧.
ಕುತ್ತಿಗೆಯಿಂದ ಕಟಿಯವರೆಗೆ ಐದಕ್ಕೂ ಕೈ ಹಾಕಿದರೆ ೯೮೯೪೨.
ಅಲ್ಲಿಗೆ ಮುಗಿಯಿತು ಮನುಷ್ಯನ ಬೆನ್ನು.

ಡಾಕ್ಟರ್ ಎಲಿಯಾಸ್ ಮಾತು ಕಮ್ಮಿ, ಟೈಪು ಇನ್ನೂ ಕಮ್ಮಿ.
"ಒತ್ತಿದೆ, ಪರವಾಗಿಲ್ಲ" ಎಂದಷ್ಟೇ ಬರೆದು ಎದ್ದು ಹೋಗುತ್ತಾರೆ.
ಎಷ್ಟು ಭಾಗ ಎಂದು ಹಿಂದೆ ಓಡಬೇಕು.
ಕಾಫಿ ಲೋಟ ಹಿಡಿದ ಕೈಯಲ್ಲೇ ಮೂರು ಬೆರಳು.
ಬರೆಯದೆ ಬಿಟ್ಟದ್ದು ನಡೆದೇ ಇಲ್ಲ:
ನಮ್ಮ ಕಸುಬಿನ ಮೊದಲ ಪಾಠ ಇದು.

ಡಿಲ್ಲಿರಾಮ್ ಘರ್ತಿ, ಮೂವತ್ತೊಂದು, ನೀರಿನ ಕಂಪನಿ.
ಐದು ಗ್ಯಾಲನ್ನಿನ ಬಾಟಲಿ, ಹೆಗಲಿಗೊಂದು, ಕೈಗೊಂದು.
"ರೂಮಿನ ಬಚ್ಚಲಲ್ಲಿ ಜಾರಿದ" ಅಂದ ಸೂಪರ್‌ವೈಸರ್.
ರಿಸೆಪ್ಷನ್ನಿನ ಶೈಜಾ ಹಾಗೇ ಒತ್ತಿದಳು.
ಬಗ್ಗಲಾರದವನು ಪಕ್ಕದಲ್ಲಿ ನಿಂತು
ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದನಂತೆ.

ನನಗೆ ಗೊತ್ತು ಯಾವ ಬಚ್ಚಲು ಅಂತ.
ಲಿಫ್ಟ್ ಕೆಟ್ಟು ಹನ್ನೊಂದು ದಿನವಾಗಿತ್ತು ನಮ್ಮ ಕಟ್ಟಡದಲ್ಲಿ.
ಮೂರನೆಯ ಮಹಡಿಯ ತಿರುವಿನಲ್ಲಿ
ಅವನು ಕೂತಿದ್ದ, ಕೂತಿದ್ದ ಅನ್ನಬೇಕೋ ಮಡಚಿದ್ದ ಅನ್ನಬೇಕೋ.
ಬಾಟಲಿ ಉರುಳಿ ನಮ್ಮ ಬಾಗಿಲಿಗೆ ಬಂದು ನಿಂತಿತ್ತು.
ನಾವು ನಾಲ್ವರು ಹೆಂಗಸರು ಸೇರಿ ಅದನ್ನು ಒಳಗೆಳೆದುಕೊಂಡೆವು.
ಬಾಟಲಿಯನ್ನು.

ಸತ್ಯಕ್ಕೆ ಕೋಡ್ ಇಲ್ಲ ಅಂತ ಯಾರೂ ಹೇಳಬೇಡಿ.
ಭಾರ ಎತ್ತಿ ನೊಂದದ್ದಕ್ಕೆ ಇದೆ, ಮೆಟ್ಟಿಲಿಗೆ ಇದೆ,
ಸಂಬಳದ ದುಡಿಮೆಯಲ್ಲಿ ಆದದ್ದಕ್ಕೆ
ವೈ ತೊಂಬತ್ತೊಂಬತ್ತು ಚುಕ್ಕಿ ಸೊನ್ನೆ.
ಹಾಕಿದರೆ ವಿಮೆಯವರು ಕಂಪನಿಯ ಕಡೆ ಕೈ ತೋರಿಸುತ್ತಾರೆ,
ಕಂಪನಿ ಬಚ್ಚಲಿನ ಕಡೆ,
ಬಚ್ಚಲು ವಿಮಾನ ನಿಲ್ದಾಣದ ಕಡೆ.
ಆ ಚೌಕ ಖಾಲಿ ಬಿಟ್ಟೆ.
ಅವನಿಗಾಗಿ ಅಂದುಕೊಂಡೆ.

ಆರು ಸಲ ದುಡ್ಡು ಬಂತು.
ಏಳನೆಯದು ತಿರುಗಿ ಬಂತು:
ಇನ್ನು ಸುಧಾರಣೆ ಕಾಣುತ್ತಿಲ್ಲ, ಇದು ಬರೀ ಮೇಂಟೆನೆನ್ಸ್,
ಮೇಂಟೆನೆನ್ಸಿಗೆ ಕೊಡುವುದಿಲ್ಲ.

ನನ್ನ ತಲೆಯ ಮೇಲಿನ ಏಸಿಗೆ ವರ್ಷಕ್ಕೆ ನಾಲ್ಕು ಸಲ ಇದೆ ಅದು.
ರಿಸೆಪ್ಷನ್ನಿನ ಮೀನಿನ ತೊಟ್ಟಿಗೂ ಇದೆ.
ಈಗ ನಮ್ಮ ಲಿಫ್ಟಿಗೂ; ಹಸಿರು ಸ್ಟಿಕ್ಕರ್,
ತಾರೀಖು, ಯಾರದೋ ಸಹಿ.

ಮೇಲ್ಮನವಿಗೆ ಒಂದು ಪೆಟ್ಟಿಗೆಯಿದೆ ಪರದೆಯ ಮೇಲೆ.
"ಮೂರನೆಯ ಮಹಡಿ" ಎಂದು ಬರೆದು ಅಳಿಸಿದೆ.
ನಮ್ಮ ಕಡೆ ಬೆನ್ನಿಗೆ ಬಿದ್ದವರು ಅಂದರೆ ತಮ್ಮ ತಂಗಿ,
ಬೆನ್ನಿಗೆ ನಿಂತವರು ಅಂದರೆ ದೊಡ್ಡ ಮಾತು.
ನೋಡಿ ಬಾಗಿಲು ಹಾಕಿಕೊಂಡವರಿಗೆ
ಯಾವ ಬೆನ್ನು ಸೇರಿಸುತ್ತಾರೋ, ಅವ್ವನನ್ನು ಕೇಳಬೇಕು.

ನಿನ್ನೆ ರಾತ್ರಿ ನೀರು ತಂದವನು ಹೊಸ ಹುಡುಗ.
ಅಂಗಿ ಬೆನ್ನಿಗಂಟಿ ಒಂದೊಂದೇ ಎಲುಬು ಎಣಿಸಬಹುದಿತ್ತು.
ಹಳಬ ಎಲ್ಲಿ ಅಂದೆ.
ಯಾವ ಹಳಬ ಅಂದ.
ಲಿಫ್ಟ್ ಸರಿಯಾಗಿದೆಯಲ್ಲ ಅಂದೆ.
"ಅದು ಬಾಡಿಗೆಯವರಿಗೆ ಮಾತ್ರ ಮೇಡಂ."

ಬೆಳಿಗ್ಗೆ ಫೈಲು ತೆಗೆದೆ.
ಖಾಲಿ ಚೌಕದಲ್ಲಿ ಕರ್ಸರ್ ಮಿಟುಕುತ್ತಿದೆ.
ವೈ ಒತ್ತಿದ್ದೇನೆ.
ಎರಡು ಒಂಬತ್ತು, ಒಂದು ಸೊನ್ನೆ ಬಾಕಿ ಇವೆ.
ಡಾಕ್ಟರು ಬಾಗಿಲಲ್ಲಿ ನಿಂತು
ಯಾರದೋ ಬೆನ್ನಿಗೆ
ನಾಲ್ಕು ಬೆರಳು ತೋರಿಸುತ್ತಿದ್ದಾರೆ.