ಹತ್ತು ಅಕ್ಷರದ ಜಾಗ

ಬೆಳಗಿನ ಐದೂ ಮುಕ್ಕಾಲು.
ದುದ್ದದಿಂದ ಮೂರು ಮೈಲಿ ಒಳಗೆ, ನಮ್ಮ ಮಹಿಳಾ ಡೈರಿಯ
ಷಟರ್ ಎತ್ತಿ, ದೀಪ ಹಾಕಿ, ತಕ್ಕಡಿಗೆ ಕೈ ಮುಗಿದು
ಪರದೆ ನೋಡಿದರೆ ಒಂದೇ ಸಾಲು:
ಪೋರ್ಟ್ ಬೇರೊಬ್ಬರ ವಶದಲ್ಲಿದೆ.

ಬೇರೊಬ್ಬರು ಯಾರು?
ಒಳಗಿರುವುದು ನಾನು, ಒಂದು ಹಲ್ಲಿ,
ನಿನ್ನೆಯ ಸ್ಯಾಂಪಲ್ ಬಾಟಲಿಯಲ್ಲಿ ಒಂದಿಷ್ಟು ಮೊಸರು.
ಫ್ಯಾಟ್ ಅಳೆಯುವ ಯಂತ್ರದಿಂದ ಕಂಪ್ಯೂಟರಿಗೆ
ಬೂದು ಬಣ್ಣದ ಒಂದು ಕೇಬಲ್ಲು,
ಒಂಬತ್ತು ಸೂಜಿಯ ಮೂತಿ, ಎರಡು ತಿರುಪು.
ಇಬ್ಬರು ಕೂರುವಷ್ಟು ಜಾಗ ಅಲ್ಲಿಲ್ಲ.

ಹೊರಗೆ ಕ್ಯಾನುಗಳು ಒಂದಕ್ಕೊಂದು ತಾಗಿ ನಿಂತಿವೆ.
'ಏನವ್ವ ದಾಕ್ಷಿ, ಇವತ್ತೂ ಕೆಟ್ಟೋಯ್ತಾ?'
'ಕೆಟ್ಟಿಲ್ಲ ಕಣಕ್ಕ, ಬೀಗ ಬಿದ್ದದೆ.'
'ಒಡೀ ಮತ್ತೆ.'

ಆರಿಸಿ ಹಚ್ಚಬಹುದಿತ್ತು. ಈ ಮುದಿ ಡಬ್ಬ
ಮಲಗಿದರೆ ಏಳಲು ಕಾಲು ಗಂಟೆ, ಕೆಲವು ದಿನ ಏಳುವುದೇ ಇಲ್ಲ.
ಏಳಕ್ಕೆ ಟ್ಯಾಂಕರು.
ಹಾಸನದ ಧರಣೇಂದ್ರನಿಗೆ ಫೋನು ಮಾಡಿದೆ.
ನಿದ್ದೆಯ ಗಂಟಲಲ್ಲೇ ಕೇಳಿದ:
'ಅನುಮತಿ ಇಲ್ಲ ಅಂತದಾ, ವಶದಲ್ಲಿದೆ ಅಂತದಾ?
ಎರಡೂ ಬೇರೆ ಮೇಡಂ.'
ಗೊತ್ತು. ಅನುಮತಿಯ ಕಥೆ ಹೋದ ವರ್ಷದ್ದು.
ಡಯಲ್‌ಔಟ್ ಅನ್ನುವ ಗುಂಪಿಗೆ ನನ್ನ ಹೆಸರು ಸೇರುವ ತನಕ
ನನ್ನ ಮೇಜಿನ ಯಂತ್ರವೇ ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿತ್ತು.
ಹೊಸ್ತಿಲಾಚೆ ನಿಲ್ಲುವುದು ನನಗೇನೂ ಹೊಸದಲ್ಲ ಬಿಡಿ.

ಕಪ್ಪು ಕಿಟಕಿ ತೆರೆದೆ. ಅವನು ಹೇಳಿದಂತೆ ಒಂದೊಂದೇ ಒತ್ತಿದೆ.
ವಾರ್, ಓರೆಗೆರೆ, ಲಾಕ್, ಇನ್ನೊಂದು ಓರೆಗೆರೆ,
ದೊಡ್ಡಕ್ಷರದಲ್ಲಿ ಎಲ್, ಸಿ, ಕೆ,
ಆಮೇಲೆ ಚುಕ್ಕಿ.
'ಒಂದಲ್ಲ, ಎರಡು.'
ಎರಡಿಟ್ಟೆ.

ಸಿಕ್ಕಿತು ಬೀಗದ ಕಡತ. ಒಳಗೆ ಮತ್ತೇನಿಲ್ಲ,
ಹತ್ತು ಅಕ್ಷರದ ಜಾಗ: ಆರು ಖಾಲಿ, ಕೊನೆಯಲ್ಲಿ
೨೪೧೭.
ಬೀಗ ಹಾಕಿದವನ ನಂಬರು.
'ಅವನು ಇದ್ದಾನಾ ನೋಡಿ.'
ನೋಡಿದೆ. ತಲೆಬರಹ ಬಂತು. ಕೆಳಗೆ ಸಾಲಿಲ್ಲ.

ನಿನ್ನೆ ಸಂಜೆ ನಮ್ಮ ಹುಡುಗ ಲೋಹಿತ
ಕ್ರಿಕೆಟ್ಟಿನ ಆತುರಕ್ಕೆ, ಲೆಕ್ಕ ಮುಗಿಯುವ ಮೊದಲೇ
ಓಡುತ್ತಿದ್ದದ್ದನ್ನು ಕೊರಳು ಹಿಸುಕಿ ನಿಲ್ಲಿಸಿದ್ದಾನೆ.
ಹೋಗುವಾಗ ಬೀಗ ತೆಗೆಯಲು ಅದಕ್ಕೆ ಪುರುಸೊತ್ತಾಗಿಲ್ಲ.
ಬೀಗದ ಕೈ ಅನ್ನುತ್ತೇವೆ.
ಈ ಬೀಗ ಉಳಿದಿದೆ, ಕೈ ಮಣ್ಣಾಗಿದೆ.

'ಸತ್ತವನದು ಮೇಡಂ, ಕಿತ್ತು ಬಿಸಾಕಿ,' ಅಂದ.
ಆಮೇಲೆ, ತಡೆದು:
'ಎಲ್ಲದಕ್ಕೂ ಇನ್ನೊಂದ್ಸಲ ನೋಡ್ಕಳಿ. ಬದುಕಿರೋನ ಬೀಗ ಕಿತ್ರೆ
ಇಬ್ಬರ ಮಾತೂ ಒಂದೇ ತಂತಿಯಲ್ಲಿ ಕಲಸಿಹೋಗ್ತದೆ.
ಒಬ್ಬರ ಹಾಲಿಗೆ ಇನ್ನೊಬ್ಬರ ಫ್ಯಾಟು.'

ಇನ್ನೊಂದು ಸಲ ನೋಡಿದೆ. ಇಲ್ಲ.
ಆರ್. ಎಮ್. ಎಂಟರ್.
ಅಳಿಸಿದೆ ಅಂತ ಕೂಡ ಹೇಳುವುದಿಲ್ಲ ಈ ಲಿನಕ್ಸು,
ಮುಂದಿನ ಸಾಲಿಗೆ ಬಂದು ಕಣ್ಣು ಮಿಟುಕಿಸುತ್ತಾ ನಿಲ್ಲುತ್ತದೆ.

ಯಂತ್ರಕ್ಕೆ ಬಾಯಿ ಬಂತು.
ಹದಿನಾರನೇ ನಂಬರು, ಆರೂವರೆ ಲೀಟರು, ಫ್ಯಾಟು ನಾಲ್ಕು ಪಾಯಿಂಟ್ ಒಂದು.
ಐವತ್ತೆರಡು, ಮೂರು ಲೀಟರು, ಮೂರು ಪಾಯಿಂಟ್ ಎರಡು.
('ನಲ್ಲಿ ಜೋರಾಗಿತ್ತೇನಕ್ಕ?' 'ಸುಮ್ನಿರೇ.')
ಏಳನೆಯವಳು ಮಂಗಳಗೌರಿ.
'ನಂಬರು?' ಅಂದೆ, ಗೊತ್ತಿದ್ದೂ.
'ಅತ್ತೇದು. ಮೂವತ್ತೆಂಟು.'

ಚೆಲುವಕ್ಕ ತೀರಿಕೊಂಡು ಎರಡು ಆಷಾಢ ಕಳೆದವು.
ಮೇಲಿನಿಂದ ಕಾಗದ ಬಂದಿದೆ, ಇಲ್ಲದವರ ನಂಬರು ತೆಗೆಯಿರಿ ಅಂತ,
ನನ್ನ ಡ್ರಾಯರಿನಲ್ಲಿ, ಸ್ಟೇಪ್ಲರಿನ ಅಡಿಯಲ್ಲಿದೆ.
ಬೆರಳು ಇನ್ನೂ ಅಳಿಸಿದ ಹದದಲ್ಲೇ ಇತ್ತು.
ಧರಣೇಂದ್ರ ಹೇಳಿದ ಹಾಗೆ ಮೊದಲು ನೋಡಿದೆ, ಮೂವತ್ತೆಂಟು ಒತ್ತಿ.
ತಲೆಬರಹ ಬಂತು.
ಕೆಳಗೆ ಸಾಲು. ದಿನಕ್ಕೆ ಎರಡು ಹೊತ್ತಿನಂತೆ,
ನಾಲ್ಕು ಪಾಯಿಂಟ್ ಮೂರು, ನಾಲ್ಕು ಪಾಯಿಂಟ್ ನಾಲ್ಕು,
ಹಬ್ಬದ ದಿನವೂ, ಆಕೆಯ ತಿಥಿಯ ದಿನವೂ ಬಿಟ್ಟಿಲ್ಲ.

ಚೀಟಿ ಹರಿದು ಕೊಟ್ಟೆ.
ಅತ್ತೆಯ ಹೆಸರನ್ನು ನಾಲ್ಕಾಗಿ ಮಡಚಿ
ಮಂಗಳಗೌರಿ ರವಿಕೆಗೆ ಸಿಕ್ಕಿಸಿಕೊಂಡಳು.

ಬೇವಿನ ಕಡ್ಡಿ ಕಚ್ಚಿಕೊಂಡು ಲೋಹಿತ ಬಂದ.
'ಏನಾದ್ರೂ ತೊಂದ್ರೆ ಆಯ್ತಾ ಅಕ್ಕ?'
ಕ್ಯಾನು ತೊಳಿ ಹೋಗು ಅಂದೆ.