ಬಹುದು, ಬೇಕು

ನಲವತ್ತೊಂದು ಸಾವಿರ ಹಾಳೆ ಬಂದವು,
ವಿಚಾರಣೆಗೆ ಮೂರು ದಿನ ಮುಂಚೆ, ಶುಕ್ರವಾರ ಸಂಜೆ,
ಮೀನಿನ ಲಾರಿಗಳು ಹಾಯುವ ಬೀದಿಯ
ನಮ್ಮ ಮಹಡಿ ಕಚೇರಿಗೆ.
ಕೊಡಲಿಲ್ಲ ಎನ್ನುವಂತಿಲ್ಲ.
ಕೇಳಿದ್ದು ಒಂದು ಕಾಳು,
ಸುರಿದದ್ದು ಒಂದು ಬಂಡಿ ಹೊಟ್ಟು.

ಆಗ ನಾನಿನ್ನೂ ಕಿರಿಯ, ಹಾಳೆಗೆ ಅಂಕಿ ಒತ್ತುವ ಕೆಲಸ.
ಹೆಸ್ಟರ್ ಬ್ಲೆಂಕಿನ್ ಕನ್ನಡಕ ಹಣೆಗೇರಿಸಿ ಹೇಳಿದಳು:
'ಇರುವುದನ್ನು ಓದಬೇಡ. ಇಲ್ಲದ್ದನ್ನು ಓದು.'
ಓದಿದೆ. ಜನವರಿ ಒಂಬತ್ತರ ನಡಾವಳಿ ಇತ್ತು,
ಇಪ್ಪತ್ಮೂರರದೂ ಇತ್ತು.
ಹದಿನಾರರದು ಬರೀ ಕಪ್ಪು ಪಟ್ಟಿ.
ಕಿಟಕಿಗೆ ಹಿಡಿದೆ. ಹಂಬರ್ ನದಿಯ ಬೂದು ಬೆಳಕಿನಲ್ಲಿ
ಎರಡೇ ಅಕ್ಷರ ತೋರಿದವು, ಇಲ್ಲಾ ತೋರಿದವೆಂದುಕೊಂಡೆ:
ಹೊಗೆ.

ಮಕ್ಕಳು ಸತ್ತದ್ದು ಫೆಬ್ರವರಿ ಎರಡು.
ನಗರಸಭೆಯ ಕಟ್ಟಡ, ನಾಲ್ಕನೇ ಮಹಡಿ,
ಬಾಯ್ಲರಿನ ಬಿರುಕು ಬಿಟ್ಟ ಹೊಗೆಕೊಳವೆ.
ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು
ಕೀರನ್ ಮತ್ತು ಟಿಲ್ಲಿಯ ನಿದ್ದೆಯೊಳಗೆ ನಡೆದು ಬಂತು.
ನೋರೀನ್ ಡ್ರೂರಿ ಮೀನು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ವಾಸನೆ ಹೋಗಲೆಂದು ಮೊದಲು ಕೈ ತೊಳೆದಳು,
ಆಮೇಲೆ ಎಬ್ಬಿಸಲು ಹೋದಳು.
'ನೀರು ಬಿಸಿಯಾಗಿಯೇ ಇತ್ತು' ಎಂದಳು ಸಾಕ್ಷಿಕಟ್ಟೆಯಲ್ಲಿ.
ಎರಡು ಸಲ ಹೇಳಿದಳು.

ಆ ಬದಿಗೆ ನಗರಸಭೆಯ ಇಬ್ಬರು, ತಪಾಸಣಾ ಮಂಡಳಿಯ ಇಬ್ಬರು,
ವಸತಿ ಇಲಾಖೆಯ ಮೂವರು,
ಏಳೂ ವಕೀಲರಿಗೆ ಖಜಾನೆಯ ಹಣ,
ನೋರೀನಳ ತೆರಿಗೆಯೂ ಅದರಲ್ಲಿ ಸೇರಿ.
ಈ ಬದಿಗೆ ನಾವಿಬ್ಬರು, ಚರ್ಚಿನ ಹಜಾರದಲ್ಲಿ
ಕೇಕು ಮಾರಿ ಕೂಡಿಸಿದ ಚಿಲ್ಲರೆ.
ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ.
ಅಲ್ಲಿ ಯಾರಿಗೂ ಹೆಗಲೇ ಇರಲಿಲ್ಲ.
ಕೊನೆಗೆ 'ತಪ್ಪಾಯಿತು' ಎಂದರು.
ಆಯಿತು! ಮಳೆಯಾಯಿತು, ಸಂಜೆಯಾಯಿತು ಎಂಬಂತೆ,
ಮಾಡಿದವರೇ ಇಲ್ಲದ ಕ್ರಿಯಾಪದ.
'ಮಾಡಿದೆವು' ಎಂಬುದು ಏಳು ಬಾಯಲ್ಲಿ ಒಂದಕ್ಕೂ ಬರಲಿಲ್ಲ.

ಅಂದಿನಿಂದ ಆರು ವರ್ಷ ಒಂದೇ ವಾಕ್ಯದ ಹಿಂದೆ ಓಡಾಟ.
ಆಸ್ಪತ್ರೆಯ ಸಾವುಗಳ ಕಡತ ಹೊತ್ತ ಲೀಡ್ಸಿನ ಕುಲ್‌ವಂತ್,
ಸೆರೆಮನೆಯ ಸಾವುಗಳದ್ದನ್ನು ಹೊತ್ತು
ರೈಲಿನಲ್ಲೇ ಕೋಟಿನ ಗುಂಡಿ ಹೊಲಿದುಕೊಳ್ಳುವ ಕಾರ್ಡಿಫಿನ ಮೆರೆಡ್,
ಇನ್ನೂ ಕೆಲವರು.
ವಾಕ್ಯ ಇಷ್ಟೇ:
ಸಾರ್ವಜನಿಕ ಸಂಸ್ಥೆ ತನಗೆ ಗೊತ್ತಿರುವ ನಿಜವನ್ನು
ಯಾರೂ ಕೇಳುವ ಮೊದಲೇ ಹೇಳಬೇಕು.

ಇವತ್ತು, ಲಂಡನ್ನಿನ ಸಮಿತಿ ಕೋಣೆಯಲ್ಲಿ,
ತುಂಬ ಸಭ್ಯನಾದ ಒಬ್ಬ ಅಧಿಕಾರಿ ಪೆನ್ಸಿಲು ಹಿಡಿದು
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
'ಬೇಕು' ತೆಗೆದು 'ಬಹುದು' ಇಟ್ಟ.
ಹೇಳಬಹುದು.
ಹೇಳಬಹುದಾಗಿತ್ತು, ಜನವರಿ ಹದಿನಾರಕ್ಕೂ.

ಹೆಸ್ಟರ್ ವಾದಿಸಲಿಲ್ಲ. ರಬ್ಬರು ಹುಡುಕಿದಳು,
ಚೀಲವನ್ನೆಲ್ಲ ಮೇಜಿಗೆ ಸುರಿದು:
ಕೆಮ್ಮಿನ ಗುಳಿಗೆ, ಹಳೇ ಟಿಕೇಟು, ಯಾವುದೋ ಬೀಗದ ಕೈ.
ಸಿಗಲಿಲ್ಲ. ಹೆಬ್ಬೆರಳು ಎಂಜಲು ಮಾಡಿ ಉಜ್ಜಿದಳು.
ಹಾಳೆ ಹರಿಯಿತು.

ಮಸೂದೆ ಮುಂದಿನ ಅಧಿವೇಶನಕ್ಕೆ ಹೋಗಿದೆ.
ಮುಂದಿನದು ಯಾವಾಗ ಎಂದು ಯಾರೂ ಹೇಳಬೇಕಾಗಿಲ್ಲ.

ರಾತ್ರಿ ಹನ್ನೊಂದಕ್ಕೆ, ಡಾನ್‌ಕಾಸ್ಟರಿನಲ್ಲಿ ರೈಲು ಬದಲಿಸುವಾಗ,
ನೋರೀನಳ ಫೋನು.
'ಏನಾಯಿತು' ಎಂದು ಅವಳು ಕೇಳುವುದಿಲ್ಲ,
ಆ ಮಾತು ಬಿಟ್ಟು ವರ್ಷಗಳಾದವು.
'ಏನು ಮಾಡಿದರು?' ಎಂದಳು.
ಹೇಳಿದೆ.
ಒಂದಿಷ್ಟು ಹೊತ್ತು ಬರೀ ಉಸಿರು.
ಆಮೇಲೆ ಕುರ್ಚಿ ಎಳೆದ ಸದ್ದು, ಹತ್ತಿದ ಸದ್ದು.
ದಿನವೂ ಮಲಗುವ ಮುಂಚೆ ಮಾಡುವಂತೆ
ಚಾವಣಿಯ ಅಲಾರಮಿನ ಗುಂಡಿ ಒತ್ತಿ
ಫೋನನ್ನು ಅದರತ್ತ ಹಿಡಿದಳು.
ಪ್ಲಾಟ್‌ಫಾರಮಿನಲ್ಲಿದ್ದ ನಾಲ್ಕೈದು ಮಂದಿ ತಿರುಗಿ ನೋಡಿದರು.

'ಕೇಳಿಸಿತಾ?'
'ಕೇಳಿಸಿತು.'
'ಹಾಗಾದರೆ ಬ್ಯಾಟರಿ ಸರಿಯಿದೆ' ಎಂದಳು,
'ನಾಳೆ ಬೆಳಗಿನ ಪಾಳಿ. ಇಡುತ್ತೇನೆ.'